ಸರಕಾರಿ ಶಾಲೆಗೆ ಮಗಳನ್ನು ಸೇರಿಸುವ ಮೊದಲು ನಾನು ನೋಡಿದ್ದು, ಕೇಳಿದ್ದು

ಮಗಳನ್ನು ಒಂದನೇ ಕ್ಲಾಸಿಗೆ ಎಲ್ಲಿ ಹಾಕುವುದು ಎಂಬ ಚರ್ಚೆ ನಮ್ಮ ಮನೆಯಲ್ಲಿ ಒಂದು ವರ್ಷ ಮೊದಲೇ ಶುರುವಾಗಿತ್ತು. ಮಂಗಳೂರಿನಲ್ಲಿ ಶಾಲೆಗೇನೂ ಬರ ಇಲ್ಲ. ಮನೆಯಿಂದ ಯಾವ ಕಡೆ ಹೊರಟರೂ ಒಂದಲ್ಲ ಒಂದು ಸಿಗುತ್ತದೆ. ಆದರೆ ನಮಗೆ ತೀರಾ ಹತ್ತಿರ, ಮಗು ನಡೆದೇ ಹೋಗಿ ಬರಬಹುದಾದಷ್ಟು ಹತ್ತಿರ ಇರುವುದು ಜಿಲ್ಲಾ ಪಂಚಾಯತ್ ಹಿರಿಯ ಪ್ರಾಥಮಿಕ ಶಾಲೆ. ನಮ್ಮ ವಠಾರದ ಒಂದು ಮಗುವೂ ಅಲ್ಲಿಗೆ ಹೋಗುವುದಿಲ್ಲ. ಎಲ್ಲರೂ ಬೆಳಿಗ್ಗೆ ವ್ಯಾನ್ ಹತ್ತುತ್ತಾರೆ. ಯಾಕೆ ಎಂದು ಕೇಳಿದರೆ "ಅಲ್ಲಿ ಬರೀ ಘಟ್ಟದ ಮೇಲಿನವರ ಮಕ್ಕಳು, ಹಿಂದಿಯವರ ಮಕ್ಕಳು" ಎನ್ನುತ್ತಾರೆ. ಹಾಗೆ ಹೇಳಿದವರಲ್ಲಿ ಶಾಲೆಯ ಒಳಗೆ ಹೋಗಿ ನೋಡಿದವರು ಯಾರೂ ಇರಲಿಲ್ಲ. ಹಾಗಾಗಿ ನಾನೇ ನೋಡುವುದೆಂದು ಹೊರಟೆ. ಇದೇ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರಿಗೆ ಸಹಾಯವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು ಸಿಗುತ್ತದೆ, ಫೀಸು ಕಟ್ಟುವ ರಗಳೆ ಇಲ್ಲ ಎಂದು ಈಗಲೂ ಎಷ್ಟೋ ಜನ ನಂಬಿಕೊಂಡಿದ್ದಾರೆ. ಕರ್ನಾಟಕದಲ್ಲಿ 2019ರಲ್ಲಿ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ. ಮಂಗಳೂರಿನಂಥ ನಗರದಲ್ಲಿ ಸರಕಾರಿ ಶಾಲೆ ಹತ್ತಿರ ಇಲ್ಲದ ಜಾಗ ಎಲ್ಲಿದೆ ಹೇಳಿ. ಅಂದರೆ ನಮ್ಮಂಥ ಮಧ್ಯಮ ವರ್ಗದವರಿಗೆ ಉಳಿಯುವ ಆಯ್ಕೆ ಎರಡೇ, ಸಾಲ ಮಾಡಿಯಾದರೂ ಡೊನೇಷನ್ ಕೊಡುವುದು, ಇಲ್ಲವಾದರೆ ಹತ್ತಿರದ ಸರಕಾರಿ ಶಾಲೆ ಹೇಗಿದೆ ಎಂದು ಸರಿಯಾಗಿ ನೋಡುವುದು.

ಅತ್ತೆಗೆ ಇದು ಸ್ವಲ್ಪವೂ ಇಷ್ಟ ಇರಲಿಲ್ಲ. ಅವರು ಕಲಿತದ್ದು ಸರಕಾರಿ ಶಾಲೆಯಲ್ಲೇ, ಆದರೂ "ಈಗಿನದ್ದು ಹಾಗಿಲ್ಲ" ಎಂದರು. ನನ್ನ ಗಂಡ ಒಂದು ಮಾತು ಕೇಳಿದರು. ಕಿತ್ತಳೆ ಹಣ್ಣು ಮಾರಿ ಊರಿಗೆ ಶಾಲೆ ಮಾಡಿಸಿದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಎಷ್ಟು ಹೆಮ್ಮೆ ಪಟ್ಟೆವು, ಅವರು ಕಟ್ಟಿದ್ದು ಇಂಥದ್ದೇ ಜಿಲ್ಲಾ ಪಂಚಾಯತ್ ಶಾಲೆ ಅಲ್ವಾ ಅಮ್ಮ, ಎಂದು. ಅತ್ತೆ ಸುಮ್ಮನಾದರು. ಒಪ್ಪಿದರು ಎಂದಲ್ಲ. ನೋಡಿಕೊಂಡು ಬನ್ನಿ, ಆಮೇಲೆ ಮಾತಾಡುವ ಎಂದರು.

ಯಾವಾಗ ಹೋಗಬೇಕು ಎನ್ನುವುದು ಮುಖ್ಯ. ಪ್ರಾರಂಭೋತ್ಸವದ ದಿನ ಹೋಗಬೇಡಿ. ಅವತ್ತು ಮಾವಿನ ತೋರಣ, ಬಲೂನು, ಸಿಹಿ ಎಲ್ಲ ಇರುತ್ತದೆ, ಯಾವ ಶಾಲೆಯೂ ಅವತ್ತು ಚೆಂದವೇ ಕಾಣುತ್ತದೆ. ನಾನು ಜುಲೈಯಲ್ಲಿ ಜೋರು ಮಳೆಯಲ್ಲೂ ನೋಡಿದೆ, ಜನವರಿ ಕಳೆದ ಮೇಲೂ ನೋಡಿದೆ. ಮಳೆಯಲ್ಲಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಹಂಚಿನ ಮಾಡಿನ ಹಳೇ ಕಟ್ಟಡದಲ್ಲಿ ಒಂದು ಮೂಲೆ ಸೋರುತ್ತಿತ್ತು, ಅಲ್ಲಿ ಬಕೆಟ್ ಇಟ್ಟಿದ್ದರು, ಮಕ್ಕಳನ್ನು ಆಚೆ ಕೂರಿಸಿದ್ದರು. ಗೋಡೆಗೆ ಪಸೆ ಇತ್ತು. ಆದರೆ ವೈರಿಂಗ್ ಇರುವ ಕಡೆ ಒಣಗಿತ್ತು, ಅಂಗಳದಲ್ಲಿ ನೀರು ನಿಂತಿರಲಿಲ್ಲ, ಬಾವಿಗೆ ಕಬ್ಬಿಣದ ಬಲೆ ಹಾಕಿ ಬೀಗ ಹಾಕಿದ್ದರು. ಹೊಸ ಬಣ್ಣ ನೋಡುವುದಕ್ಕಿಂತ ಇದನ್ನೆಲ್ಲ ನೋಡಬೇಕು. ಹುಡುಗಿಯರ ಟಾಯ್ಲೆಟ್ಟಿಗೂ ಹೋಗಿ ನೋಡಿ. ನಳ್ಳಿಯಲ್ಲಿ ನೀರು ಬರುತ್ತದಾ, ಒಳಗಿನ ಚಿಲಕ ಸರಿ ಇದೆಯಾ, ಅಷ್ಟು ಸಾಕು. ಇಲ್ಲಿ ನೀರಿತ್ತು. ಎರಡರಲ್ಲಿ ಒಂದು ಬಾಗಿಲಿಗೆ ಚಿಲಕ ಇರಲಿಲ್ಲ.

ಹೆಡ್ ಟೀಚರ್ ನನ್ನನ್ನು ನೋಡಿ ಮೊದಲು ಪತ್ರಿಕೆಯವರೋ ಇಲಾಖೆಯವರೋ ಎಂದುಕೊಂಡರು. ಮಗಳನ್ನು ಸೇರಿಸುವ ಯೋಚನೆ ಉಂಟು, ಒಂದು ದಿನ ಕ್ಲಾಸಲ್ಲಿ ಕೂತು ನೋಡಬಹುದಾ ಎಂದು ಕೇಳಿದೆ. "ಕೂತ್ಕೊಳ್ಳಿ ಮೇಡಂ. ಹಾಗೆ ಕೇಳಿಕೊಂಡು ಬಂದವರು ಇಷ್ಟರ ತನಕ ಯಾರೂ ಇಲ್ಲ," ಎಂದರು. ಕ್ಲಾಸಿಗೆ ಹೋಗುವ ಮೊದಲು ಅವರ ಆಫೀಸಿನಲ್ಲಿ ನಾನು ಕೇಳಿದ್ದು ಟೀಚರುಗಳ ಲೆಕ್ಕ. ಮಂಜೂರಾದ ಹುದ್ದೆ ಎಷ್ಟು, ಕಾಯಂ ಟೀಚರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು. ಅವರು ಮುಚ್ಚುಮರೆ ಇಲ್ಲದೆ ಹೇಳಿದರು, ಏಳು ಹುದ್ದೆ, ಇರುವವರು ಐದು ಜನ, ಎರಡು ಗೆಸ್ಟ್.

ಈ ಲೆಕ್ಕ ಯಾಕೆ ಬೇಕು ಎಂದರೆ, ಸರಕಾರಿ ಶಾಲೆಯ ಏಳುಬೀಳು ಎಲ್ಲ ಅದರಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನ ತನಕ 60 ಮಕ್ಕಳಿಗೆ ಇಬ್ಬರು ಟೀಚರು, 90ರ ತನಕ ಮೂವರು, 120ರ ತನಕ ನಾಲ್ವರು ಇರಬೇಕು. ಕಾಗದದಲ್ಲಿ ಇದು ಸರಿ ಇರಬಹುದು. ಆದರೆ ಅತಿಥಿ ಶಿಕ್ಷಕರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳಬೇಕು, ಸಿಗುವ ಗೌರವಧನ ಕಡಿಮೆ, ಅದೂ ಪ್ರತಿ ತಿಂಗಳು ಸರಿಯಾಗಿ ಬರುವುದಿಲ್ಲ ಎಂದು ಅವರೇ ಹೇಳುತ್ತಾರೆ. ಒಳ್ಳೆಯ ಟೀಚರ್ ವರ್ಷದ ನಡುವೆಯೇ ಬೇರೆ ಕೆಲಸ ಸಿಕ್ಕಿತೆಂದು ಹೋದರೆ ಮಕ್ಕಳ ಗತಿ ಏನು? ಕಾಯಂ ಟೀಚರುಗಳೂ ಮತದಾರರ ಪಟ್ಟಿ, ಸಮೀಕ್ಷೆ, ತರಬೇತಿ ಎಂದು ಹೊರಗೆ ಹೋಗಬೇಕಾಗುತ್ತದೆ. ಇನ್ನೊಂದು ಕಡೆ, ಮಕ್ಕಳ ಸಂಖ್ಯೆ ಇಳಿದರೆ ಟೀಚರನ್ನು "ಹೆಚ್ಚುವರಿ" ಎಂದು ಬೇರೆ ಶಾಲೆಗೆ ಕಳಿಸುತ್ತಾರೆ, ಟೀಚರ್ ಇಲ್ಲ ಎಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ. ನಾವು ಹತ್ತಿರದವರು ಮಕ್ಕಳನ್ನು ಸೇರಿಸದೇ ಇರುವುದೂ ಇದಕ್ಕೆ ಒಂದು ಕಾರಣ ಎಂದು ನನಗೆ ಅಲ್ಲಿ ಕೂತಾಗ ಅನಿಸಿತು.

ಹೆಡ್ ಟೀಚರ್ ಹಾಜರಿ ಪುಸ್ತಕ ತೆಗೆದು ತೋರಿಸಿದರು. ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಒಂದಷ್ಟು ಕೊಂಕಣಿ. ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮೀನುಗಾರಿಕೆಯ ಧಕ್ಕೆಯಲ್ಲಿ ಬೋಟಿನ ಕೆಲಸಕ್ಕೆ ಬಂದ ಜಾರ್ಖಂಡ್, ಒಡಿಶಾದವರ ಮಕ್ಕಳು. ಒಂದು ಫ್ಲಾಟಿನ ವಾಚ್‌ಮ್ಯಾನ್ ಆಗಿರುವ ನೇಪಾಳದವರ ಮಗಳು. "ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ನಮ್ಮಲ್ಲಿ ಅರ್ಧವೂ ಇಲ್ಲ ಮೇಡಂ, ಪಾಠ ಮಾತ್ರ ಕನ್ನಡದಲ್ಲಿ," ಎಂದರು. ನಮ್ಮ ಮಗಳದ್ದೂ ಅದೇ ಲೆಕ್ಕ, ಮನೆಯಲ್ಲಿ ತುಳುವೇ.

ಆಮೇಲೆ ನಲಿಕಲಿ ಕೋಣೆಗೆ ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ ಇದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಕ್ಕಳು ಐದು ಗುಂಪು. ಟೀಚರ್ ಪೂರ್ತಿ ಜೊತೆಗಿದ್ದು ಕಲಿಸುವ ಗುಂಪಿನಿಂದ ಹಿಡಿದು ತಾನೇ ಕಲಿಯುವ ಗುಂಪಿನ ತನಕ. ಮಗು ಒಂದು ಮೆಟ್ಟಿಲು ಮುಗಿಸಿದರೆ ಮುಂದಿನದು. ವಾರಗಟ್ಟಲೆ ಊರಿಗೆ ಹೋಗಿ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು ಮಾಡಬಹುದು. ಅಕ್ಷರವೂ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಇಷ್ಟರಲ್ಲೇ ಸರ, ಅರಸ, ಗರಗಸ ಎಂದೆಲ್ಲ ಓದಲು ಬರುತ್ತದೆ. "ಮೂರು ತಿಂಗಳಾದರೂ ಅ ಆ ಇ ಈ ಬರುವುದಿಲ್ಲ" ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ, ಕ್ರಮವೇ ಹಾಗೆ.

ಕೋಣೆಯಲ್ಲಿ 27 ಮಕ್ಕಳು. ಗೋಡೆಯ ಕೆಳಗಡೆ ಸುತ್ತಲೂ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಹಲಗೆ, ಮೇಲೆ ದಾರ ಕಟ್ಟಿ ಅವರ ಚಿತ್ರಗಳನ್ನು ತೂಗು ಹಾಕಿದ್ದರು. ಗಲಾಟೆ ಇತ್ತು, ಆದರೆ ಅದು ಕೆಲಸದ ಗಲಾಟೆ. ನಾನು ಮೂಲೆಯಲ್ಲಿ ನೆಲದ ಮೇಲೆ ಕೂತೆ. ಟೀಚರೂ ನೆಲದ ಮೇಲೆಯೇ ಕೂತಿದ್ದರು. ಅವರ ಎದುರಿಗೆ ಒಬ್ಬ ಹುಡುಗ, ಜಾರ್ಖಂಡಿನವನು, ಅಪ್ಪ ಬೋಟಿನಲ್ಲಿ. ದೀಪಾವಳಿ ಕಳೆದ ಮೇಲೆ ಸೇರಿದವನು. ಐಸ್‌ಕ್ಯಾಂಡಿ ಕಡ್ಡಿಗಳನ್ನು ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ. ಅವನು ಬಾಯೊಳಗೇ ಹಿಂದಿಯಲ್ಲಿ ಎಣಿಸುತ್ತಿದ್ದ. ಟೀಚರ್ ತಡೆಯಲಿಲ್ಲ. ಪೂರ್ತಿ ಎಣಿಸಲು ಬಿಟ್ಟರು. ಅವನು ರಬ್ಬರ್ ಹಾಕಿ ಕಟ್ಟು ಕೊಟ್ಟ ಮೇಲೆ ಅದನ್ನು ಅವನ ಕೈಯಲ್ಲೇ ಇಟ್ಟು "ಹತ್ತು" ಎಂದರು. ಅವನೂ "ಹತ್ತು" ಎಂದ. ಆಮೇಲೆ ಬಿಡಿ ಕಡ್ಡಿ ಒಂದನ್ನು ಪಕ್ಕಕ್ಕಿಟ್ಟು ಎಷ್ಟು ಎಂದು ಕೇಳಿದರು. ಅವನು ಮೇಲೆ ಕೆಳಗೆ ನೋಡಿದ. ಪಕ್ಕದಲ್ಲಿದ್ದ ಬಾಗಲಕೋಟೆ ಕಡೆಯ ಹುಡುಗಿ, ಅವಳದು ಎರಡನೇ ಕ್ಲಾಸು, ತನ್ನ ಕಾರ್ಡು ಬಿಟ್ಟು ಜರುಗಿಕೊಂಡು ಬಂದು "ಹನ್ನೊಂದಲೇ, ಹನ್ನೊಂದು, ನೋಡಿಲ್ಲಿ" ಎಂದು ಕಟ್ಟನ್ನು ತಟ್ಟಿ, ಕಡ್ಡಿಯನ್ನು ತಟ್ಟಿ ತೋರಿಸಿದಳು. ಟೀಚರ್ ಅವಳನ್ನು "ನಿನ್ನ ಕೆಲಸ ನೋಡು" ಎಂದು ಗದರಿಸಲಿಲ್ಲ. ಇನ್ನೊಂದು ಕಡ್ಡಿ ಇಟ್ಟು ಈಗ ಅವನ ಹತ್ತಿರವೇ ಕೇಳು ಎಂದರು. ಅವನು ಹನ್ನೆರಡು, ಹದಿಮೂರು ಹೇಳುವ ತನಕ ಅವಳು ಅಲ್ಲಿಂದ ಎದ್ದೇ ಇಲ್ಲ.

ನಾನು ಶಾಲೆಯ ಬಗ್ಗೆ ತಿಳಿಯಬೇಕಾದ್ದು ಹೆಚ್ಚಿನದೆಲ್ಲ ಅಷ್ಟು ಹೊತ್ತಿನಲ್ಲೇ ತಿಳಿಯಿತು ಎನ್ನಬೇಕು. ಬೇರೆ ಬೇರೆ ಕಡೆಯ ಮಕ್ಕಳು ಒಟ್ಟಿಗೆ ಇದ್ದಾರೆ ಎನ್ನುವುದೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಭಾಷೆ ಅರ್ಥವಾಗದ ಮಗುವನ್ನು ಹಿಂದಿನ ಸಾಲಿನಲ್ಲಿ ಸುಮ್ನೆ ಕೂರಿಸಿ ಬಿಡುತ್ತಾರಾ, ಟೀಚರ್ ಎದುರಿಗೇ ಕೂರಿಸಿಕೊಳ್ಳುತ್ತಾರಾ, ಅದನ್ನು ನೋಡಬೇಕು. ಆ ಮಗುವಿಗೆ ಕಲಿಸುವ ತಾಳ್ಮೆ ಇರುವ ಟೀಚರ್ ನನ್ನ ಮಗಳನ್ನೂ ಕೈಬಿಡುವುದಿಲ್ಲ ಎಂಬ ಧೈರ್ಯ ಬಂತು.

ಅದೇ ಶಾಲೆಯಲ್ಲಿ ದ್ವಿಭಾಷಾ ವಿಭಾಗವೂ ಇದೆ. 2019-20ರಿಂದ ರಾಜ್ಯದಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದರು, ಆಮೇಲೆ ಬೇರೆ ಶಾಲೆಗಳಿಗೂ ಬಂತು. ಗಣಿತ, ಪರಿಸರ ಅಧ್ಯಯನದ ಪುಸ್ತಕದಲ್ಲಿ ಇಂಗ್ಲಿಷೂ ಕನ್ನಡವೂ ಅಕ್ಕಪಕ್ಕ ಇರುತ್ತವೆ. ಪುಸ್ತಕ ನನಗೆ ಹಿಡಿಸಿತು. ಪೋಷಕರು ಮುಗಿಬೀಳುವುದೂ ಈ ವಿಭಾಗಕ್ಕೇ. ಹೋಗಿ ಕೂತೆ. ಒಂದನೇ ಕ್ಲಾಸಿನಲ್ಲೇ 41 ಮಕ್ಕಳು, ಒಬ್ಬರೇ ಟೀಚರ್, ಅವರೂ ಗೆಸ್ಟ್, ಹುಡುಗಿ, ಬಹಳ ಉತ್ಸಾಹ ಇರುವವಳು. ಎಲ್ಲರೂ ಒಟ್ಟಿಗೆ ಜೋರಾಗಿ ಪದ್ಯ ಹೇಳುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸಿದರೆ ಸ್ವರ ಇಲ್ಲ. ಟೀಚರದ್ದು ತಪ್ಪೆಂದು ನಾನು ಹೇಳುವುದಿಲ್ಲ, 41 ಮಕ್ಕಳ ನಡುವೆ ಯಾರಾದರೂ ಏನು ಮಾಡಲಾಗುತ್ತದೆ. ಒಂದನೇ ಕ್ಲಾಸಿನಿಂದಲೇ ಕನ್ನಡ ವಿಭಾಗದಲ್ಲೂ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಹಾಗಾಗಿ ಯಾವ ಮಾಧ್ಯಮ ಎಂದು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೋಗಬೇಡಿ. ಯಾವ ಕೋಣೆಯಲ್ಲಿ ಟೀಚರ್ ಮಗುವಿನ ಹತ್ತಿರ ಬರುತ್ತಾರೆ ಎಂದು ನೋಡಿ.

ದೊಡ್ಡ ಕ್ಲಾಸಿನ ಮಕ್ಕಳು ಓದುತ್ತಾರಾ ಎಂಬುದು ಅತ್ತೆಯ ಪ್ರಶ್ನೆ. ಹೆಡ್ ಟೀಚರನ್ನು ಕೇಳಿಕೊಂಡು ಐದನೇ ಕ್ಲಾಸಿನ ಒಂದಿಷ್ಟು ಮಕ್ಕಳ ಹತ್ತಿರ ಮೂರನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಓದಿಸಿದೆ. ಕೆಲವರು ಸರಾಗವಾಗಿ ಓದಿದರು. ಕೆಲವರು ಒತ್ತಕ್ಷರ ಬಂದಲ್ಲಿ ನಿಂತೇಬಿಟ್ಟರು. ನನಗೆ ಅಳುಕಾಯಿತು. ಆಗ ಹೆಡ್ ಟೀಚರ್ ಒಂದು ಒಳ್ಳೆಯ ಮಾತು ಹೇಳಿದರು, "ಇವ ಬಂದದ್ದು ಕಳೆದ ವರ್ಷ ಮೇಡಂ. ಅದಕ್ಕೆ ಮೊದಲು ಮೂರು ಊರಿನ ಶಾಲೆ ಆಗಿದೆ. ಒಂದನೆಯಿಂದ ಇಲ್ಲೇ ಇರುವ ಮಕ್ಕಳನ್ನು ಬೇರೆ ಮಾಡಿ ಓದಿಸಿ ನೋಡಿ." ಹಾಗೇ ಮಾಡಿದೆ. ಒಂದನೇ ಕ್ಲಾಸಿನಿಂದ ಬಿಡದೆ ಬಂದವರಲ್ಲಿ ಒಬ್ಬಳು ಬಿಟ್ಟರೆ ಎಲ್ಲರೂ ಓದಿದರು. ಮಕ್ಕಳು ಬರುತ್ತಾ ಹೋಗುತ್ತಾ ಇರುವ ಶಾಲೆಯಲ್ಲಿ ಒಟ್ಟು ಫಲಿತಾಂಶ ನೋಡಿ ತೀರ್ಪು ಕೊಟ್ಟರೆ ಟೀಚರಿಗೂ ಅನ್ಯಾಯ, ನಮಗೂ ವಿಷಯ ತಿಳಿಯುವುದಿಲ್ಲ. ಆದರೆ ಗಣಿತ ಅಷ್ಟು ಸಾಲದು. ನಾಲ್ಕನೇ ಕ್ಲಾಸಿನಲ್ಲಿ ಭಾಗಾಕಾರ ಮಾಡಲು ಬಂದವರು ಕಮ್ಮಿ. ಖಾಲಿ ಇರುವ ಎರಡು ಹುದ್ದೆಗಳಲ್ಲಿ ಒಂದು ಗಣಿತದ್ದೇ.

ಮಧ್ಯಾಹ್ನದ ಊಟಕ್ಕೂ ನಿಂತೆ. ನಗರದ ಕೆಲವು ಶಾಲೆಗಳಿಗೆ ಹೊರಗಿನ ದೊಡ್ಡ ಅಡುಗೆಮನೆಯಿಂದ ಊಟ ಬರುತ್ತದೆ, ಇಲ್ಲಿ ಶಾಲೆಯಲ್ಲೇ ಮಾಡುತ್ತಾರೆ. ಅನ್ನ, ಬಸಳೆ ಹಾಕಿದ ಸಾಂಬಾರು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಟೀಚರ್ ಉಂಡು ನೋಡಿ ಪುಸ್ತಕದಲ್ಲಿ ಸಹಿ ಹಾಕಿದರು. ನನಗೂ ಒಂದು ತಟ್ಟೆ ಕೊಟ್ಟರು. ಉಪ್ಪು ಖಾರ ಹದವಾಗಿತ್ತು, ಬೇಳೆ ಇನ್ನೂ ಸ್ವಲ್ಪ ಜಾಸ್ತಿ ಹಾಕಬಹುದಿತ್ತು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಬೇಡ ಎನ್ನುವವರಿಗೆ ಬಾಳೆಹಣ್ಣು. ಜಗಲಿಯಲ್ಲಿ ಸಾಲಾಗಿ ಕೂತರು. ಯಾರ ಪಕ್ಕ ಯಾರು ಕೂರುತ್ತಾರೆ ಎಂದು ನಾನು ಬೇಕೆಂದೇ ನೋಡಿದೆ. ಮೊಟ್ಟೆಯವರದ್ದು ಒಂದು ಸಾಲು, ಬಾಳೆಹಣ್ಣಿನವರದ್ದು ಇನ್ನೊಂದು ಸಾಲು ಎಂದು ಇರಲಿಲ್ಲ. ಕ್ಲಾಸಿನಲ್ಲಿ ಯಾರು ಪಕ್ಕದಲ್ಲಿದ್ದರೋ ಅವರೇ ಇಲ್ಲೂ ಪಕ್ಕದಲ್ಲಿ. ನಮ್ಮ ಊರಿನಲ್ಲಿ ಈಗ ಮಕ್ಕಳು ಹುಟ್ಟುಹಬ್ಬಕ್ಕೂ ತಮ್ಮ ತಮ್ಮವರ ಮನೆಗೇ ಹೋಗುವ ಹಾಗಾಗಿದೆ. 1892ರಲ್ಲೇ ಕುದ್ಮುಲ್ ರಂಗರಾಯರು ಬಹಿಷ್ಕಾರ ಎದುರಿಸಿ ದಲಿತ ಮಕ್ಕಳಿಗೆ ಶಾಲೆ ತೆರೆದ ಊರು ಇದು. ನನ್ನ ಮಗಳು ಎಲ್ಲರ ಪಕ್ಕ ಕೂತು ಉಂಡು ಬೆಳೆಯಬೇಕು ಎಂಬುದು ನನಗೆ ಮಾರ್ಕಿನಷ್ಟೇ ಮುಖ್ಯ.

ಗೇಟಿನ ಹತ್ತಿರ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರ ಹತ್ತಿರವೂ ಮಾತಾಡಿದೆ. ಕೊಪ್ಪಳದ ಕಡೆಯವರೊಬ್ಬರು, ಸೆಂಟ್ರಿಂಗ್ ಕೆಲಸಕ್ಕೆ ಹೋಗುವವರು, "ಟೀಚರು ಭಾಳ ಚೊಲೋ ಅದಾರ್ರಿ ಅಕ್ಕಾರ. ಜಾತ್ರಿಗಂತ ಊರಿಗೆ ಹೋಗಿ ನಾಕ್ ದಿನ ತಡಾ ಆದ್ರ ಫೋನ್ ಮಾಡ್ತಾರ, ಹುಡುಗನ್ನ ಯಾವಾಗ ಕರ್ಕೊಂಡ್ ಬರ್ತೀರಿ ಅಂತ," ಎಂದರು. ಇನ್ನೊಬ್ಬರು, ಬಂದರು ಕಡೆಯವರು, ಎಸ್‌ಡಿಎಂಸಿಯಲ್ಲಿ ಇರುವವರು, ಗಣಿತದ ಟೀಚರ್ ವಿಷಯ ಎಷ್ಟು ಸಲ ಹೇಳಿದರೂ ಆಗಿಲ್ಲ ಎಂದು ಬೇಜಾರು ಮಾಡಿಕೊಂಡರು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಸಭೆ ನಿಜವಾಗಿ ನಡೆಯುತ್ತದಾ, ಬರೀ ಸಹಿಯಾ ಎಂದು ಕೇಳಿ. ಇಲ್ಲಿ ನಡೆಯುತ್ತದೆ, ಆದರೆ ಕೂಲಿ ಬಿಟ್ಟು ಬರಲಾಗದೆ ಅರ್ಧ ಜನ ಬರುವುದಿಲ್ಲ.

ಮನೆಗೆ ಬಂದು ಒಳ್ಳೆಯದು, ಕಷ್ಟದ್ದು ಎಲ್ಲ ಹೇಳಿದೆ. ಅತ್ತೆ ಕೊನೆಗೆ ತಾವೇ ಒಂದು ಮಧ್ಯಾಹ್ನ ನನ್ನ ಜೊತೆ ಬಂದರು. ನಲಿಕಲಿ ಟೀಚರ್ ಅವರನ್ನು "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಕುರ್ಚಿ ಕೊಟ್ಟು ಕೂರಿಸಿದರು. ಅತ್ತೆ ಕೇಳಿದ್ದು ಒಂದೇ, ನೀವು ಮುಂದಿನ ವರ್ಷವೂ ಇಲ್ಲೇ ಇರುತ್ತೀರಾ? ವರ್ಗಾವಣೆ ನಮ್ಮ ಕೈಯಲ್ಲಿ ಇಲ್ಲ ಅಮ್ಮ, ಆದರೆ ನಾನು ಕೇಳಿಕೊಂಡು ಹೋಗುವುದಿಲ್ಲ ಎಂದರು ಟೀಚರ್. ಅತ್ತೆಗೆ ಅದು ಸಾಕಾಯಿತು.

ಕನ್ನಡ ವಿಭಾಗಕ್ಕೇ ಸೇರಿಸಿದೆವು. ಜೂನ್ 1ಕ್ಕೆ ಮೊದಲೇ ಅವಳಿಗೆ 6 ತುಂಬಿದ್ದರಿಂದ ವಯಸ್ಸಿನ ತೊಂದರೆ ಇರಲಿಲ್ಲ. ಜನನ ಪ್ರಮಾಣಪತ್ರ, ಮಗುವಿನ ಮತ್ತು ನಮ್ಮ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಫೋಟೊ ಕೇಳಿದರು. ಆಧಾರ್‌ನಲ್ಲಿಯೂ ಜನನ ಪ್ರಮಾಣಪತ್ರದಲ್ಲಿಯೂ ಹೆಸರು ಒಂದೇ ರೀತಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ. ಸ್ಯಾಟ್ಸ್ (ಶಾಲಾ ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಂಬರಿಗೆ ಹೆಸರು ಹಾಕುವಾಗ ಅಕ್ಷರ ಹೆಚ್ಚುಕಮ್ಮಿಯಾದರೆ ಆಮೇಲೆ ತಿದ್ದಿಸುವುದು ಕಿರಿಕಿರಿ. ಫೀಸು ಇಲ್ಲ, ಪುಸ್ತಕ, ಸಮವಸ್ತ್ರ, ಶೂ ಅವರೇ ಕೊಡುತ್ತಾರೆ. ಆದರೆ ಶಾಲೆ ಶುರುವಾದ ದಿನವೇ ಎಲ್ಲ ಕೈಗೆ ಸಿಗಲಿಲ್ಲ, ಶೂ ಬರುವಾಗ ಮಳೆಗಾಲ ಅರ್ಧ ಕಳೆದಿತ್ತು.

ಟಾಯ್ಲೆಟ್ಟಿನ ಚಿಲಕ ಈಗ ಹಾಕಿಸಿದ್ದಾರೆ. ಸೋರುವ ಮೂಲೆಯ ಹಂಚು ಬದಲಾಗಿದೆ. ಗಣಿತದ ಟೀಚರ್ ಇನ್ನೂ ಬಂದಿಲ್ಲ. ಪೋಷಕರೆಲ್ಲ ಸೇರಿ ಮೇಲಿನ ಕಚೇರಿಗೆ ಅರ್ಜಿ ಬರೆದು ಸಹಿ ಹಾಕಿದ್ದೇವೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ದಸರಾ ರಜೆಯ ಒಳಗೆ ಉತ್ತರ ಬಾರದಿದ್ದರೆ ಒಟ್ಟಾಗಿ ಹೋಗಿ ಕೇಳುವುದೆಂದು ಸಭೆಯಲ್ಲಿ ಮಾತಾಗಿದೆ. ಕೊಪ್ಪಳದ ಆ ತಾಯಿಯೂ ಒಂದು ದಿನದ ಕೂಲಿ ಬಿಟ್ಟು ಬರುತ್ತೇನೆ ಎಂದಿದ್ದಾರೆ.